ಮನೆಯ ಕ್ಯಾಮೆರಾ ಹೊರಗಿನಿಂದ ತೆರೆಯುತ್ತಿಲ್ಲ: ಸ್ಟ್ಯಾಟಿಕ್ ಐಪಿ ಇಲ್ಲದೆ ದಾರಿಯಿಲ್ಲವೇ?

ತೆರೆದಕಿಟಕಿ:
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಇರುವ ಮನೆಗೆ ನಾಲ್ಕು ಕ್ಯಾಮೆರಾ ಮತ್ತು ಅವುಗಳ ಚಿತ್ರಗಳನ್ನು ರೆಕಾರ್ಡ್ ಮಾಡುವ ಒಂದು ಎನ್‌ವಿಆರ್ ಪೆಟ್ಟಿಗೆ ಹಾಕಿಸಿದ್ದೇವೆ. ಮನೆಯ ವೈಫೈಯಲ್ಲಿರುವಾಗ ಫೋನಿನಲ್ಲಿ ನಾಲ್ಕೂ ಚಿತ್ರಗಳು ಸ್ಪಷ್ಟವಾಗಿ ಕಾಣುತ್ತವೆ; ಹೊರಗೆ ಬಂದು ಮೊಬೈಲ್ ಡೇಟಾ ಹಾಕಿದ ಕೂಡಲೇ ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ಸಂದೇಶ ಬರುತ್ತದೆ. ಕ್ಯಾಮೆರಾ ಹಾಕಿದವರು ರೂಟರ್‌ನಲ್ಲಿ 80, 554 ಮತ್ತು 8000 ಪೋರ್ಟ್‌ಗಳನ್ನು ಫಾರ್ವರ್ಡ್ ಮಾಡಿದ್ದಾರೆ (ಹೊರಗಿನಿಂದ ಆ ಸಂಖ್ಯೆಗಳಿಗೆ ಬರುವ ಕೋರಿಕೆ ಎನ್‌ವಿಆರ್‌ಗೆ ತಲುಪುವಂತೆ). ಇನ್ನು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ತೆಗೆದುಕೊಳ್ಳದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ಇಂಟರ್ನೆಟ್ ಕಂಪನಿಯವರನ್ನು ಕೇಳಿದರೆ ಮನೆಯ ಸಂಪರ್ಕಕ್ಕೆ ಅದನ್ನು ಕೊಡುವುದಿಲ್ಲವೆಂದು ಹೇಳಿದರು. ಡೌನ್‌ಲೋಡ್ 100 ಎಂಬಿಪಿಎಸ್, ಅಪ್‌ಲೋಡ್ 10 ಎಂಬಿಪಿಎಸ್ ಇದೆ. ಯಾರು ಹೇಳುವುದು ಸರಿ, ನಾನು ಏನು ಮಾಡಬೇಕು?

ಜಾಲದಕಣ್ಣು:
ಸ್ಟ್ಯಾಟಿಕ್ ಐಪಿಯ ಮಾತು ಆಮೇಲೆ. ಮೊದಲು ರೂಟರ್‌ನ ಪುಟ ತೆರೆದು, ವ್ಯಾನ್ ಐಪಿ (ರೂಟರ್‌ನ ಹೊರಬದಿಯ ವಿಳಾಸ) ಎಂದಿರುವ ಕಡೆ ಯಾವ ಸಂಖ್ಯೆ ಇದೆ ನೋಡಿ ಬರೆದಿಟ್ಟುಕೊಳ್ಳಿ. ನಂತರ ಅದೇ ವೈಫೈಯಲ್ಲಿ ನಿಮ್ಮ ಐಪಿ ವಿಳಾಸವನ್ನು ತೋರಿಸುವ ಯಾವುದಾದರೂ ಜಾಲತಾಣವನ್ನು ತೆರೆಯಿರಿ. ಎರಡೂ ಸಂಖ್ಯೆಗಳು ಒಂದೇ ಆಗಿದ್ದರೆ ಆ ವಿಳಾಸ ನಿಮ್ಮ ರೂಟರ್‌ನದೇ. ಬೇರೆಬೇರೆಯಾಗಿದ್ದರೆ ನಿಮ್ಮ ರೂಟರ್‌ಗೂ ಹೊರಗಿನ ಇಂಟರ್ನೆಟ್‌ಗೂ ನಡುವೆ ಇನ್ನೊಂದು ನ್ಯಾಟ್, ಅಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ, ಇದೆ ಎಂದರ್ಥ. ಆಗ ನೀವು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಹೊರಟ ಕೋರಿಕೆ ನಿಮ್ಮ ರೂಟರ್‌ವರೆಗೆ ತಲುಪುವುದೇ ಇಲ್ಲ.

ಹಿತ್ತಲಗಿಡ:
ಆ ಸಂಖ್ಯೆ 100 ಎಂದು ಶುರುವಾದರೆ ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿಯೇ ನಡೆಸುವ ನ್ಯಾಟ್, ಎಂದು ಕಣ್ಣುಮುಚ್ಚಿ ಹೇಳಬಹುದು.

ಜಾಲದಕಣ್ಣು:
ಹಿತ್ತಲಗಿಡ ಅವರೇ, ಅಷ್ಟು ಖಚಿತವಾಗಿ ಹೇಳಲಾಗದು. ಸಿಜಿನ್ಯಾಟ್‌ಗೆಂದು ಮೀಸಲಿಟ್ಟಿರುವುದು 100.64.0.0ರಿಂದ 100.127.255.255ರವರೆಗಿನ ವಿಳಾಸಗಳು ಮಾತ್ರ. 2012ರ ಏಪ್ರಿಲ್‌ನಲ್ಲಿ ಬಂದ ಆರ್‌ಎಫ್‌ಸಿ 6598 ಎಂಬ ಇಂಟರ್ನೆಟ್ ನಿಯಮ ದಾಖಲೆ ಅದನ್ನು ಗೊತ್ತುಮಾಡಿತು. 100ರಿಂದಲೇ ಶುರುವಾಗುವ ಉಳಿದ ಸಂಖ್ಯೆಗಳು ಸಾಮಾನ್ಯ ಸಾರ್ವಜನಿಕ ವಿಳಾಸಗಳೇ ಆಗಿರುತ್ತವೆ. ಇನ್ನೊಂದು ಎಚ್ಚರಿಕೆಯೂ ಬೇಕು: ಈ ಸಂಖ್ಯೆಯನ್ನು ರೂಟರ್‌ನಲ್ಲಿಯೇ ನೋಡಬೇಕು, ಫೋನಿನಲ್ಲಿ ಅಲ್ಲ. ಟೈಲ್‌ಸ್ಕೇಲ್‌ನಂಥ ವಿಪಿಎನ್ (ಇಂಟರ್ನೆಟ್ ಮೇಲೆ ಖಾಸಗಿ ದಾರಿ ಮಾಡಿಕೊಡುವ) ಆ್ಯಪ್ ಇದ್ದರೆ ಅದು ಕೂಡ ಫೋನಿಗೆ ಇದೇ ಗುಂಪಿನ ವಿಳಾಸ ಕೊಡುತ್ತದೆ, ಅದನ್ನು ನೋಡಿ ಹಲವರು ತಪ್ಪು ತಿಳಿಯುತ್ತಾರೆ.

ವ್ಯಾನ್ ಐಪಿ 10 ಎಂದೋ 192.168 ಎಂದೋ ಶುರುವಾಗಿದ್ದರೆ ಎರಡು ಸಾಧ್ಯತೆಗಳಿವೆ. ಕೆಲವು ಕಂಪನಿಗಳು ಸಿಜಿನ್ಯಾಟ್‌ಗೂ 10ರ ಗುಂಪನ್ನೇ ಬಳಸುತ್ತವೆ. ಇಲ್ಲವೇ, ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯೇ ಒಂದು ರೂಟರ್ ಆಗಿ, ಅದರ ಹಿಂದೆ ನೀವು ಕೊಂಡ ರೂಟರ್ ಇನ್ನೊಂದಾಗಿ ಕೂತಿರುತ್ತದೆ. ಎರಡನೆಯದಾದರೆ ಆ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಮುಂದಕ್ಕೆ ದಾಟಿಸುವುದಷ್ಟೇ) ಹಾಕಿಸಿದರೆ ಸಾಕು.

ಸೋಮವಾರಪೇಪರ್:
ಕಂಪನಿಗಳು ಹೀಗೇಕೆ ಮಾಡುತ್ತವೆ? ದುಡ್ಡು ಕೊಡುವ ಗ್ರಾಹಕನಿಗೆ ಒಂದು ವಿಳಾಸ ಕೊಡುವುದಕ್ಕೂ ಕಷ್ಟವೇ?

ಹಿತ್ತಲಗಿಡ:
ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಯಲ್ಲಿ ಒಟ್ಟು ವಿಳಾಸಗಳೇ ಸುಮಾರು 430 ಕೋಟಿ. ಜಗತ್ತಿಗೆಲ್ಲ ಅವುಗಳನ್ನು ಹಂಚುವ ಐಎಎನ್‌ಎ ತನ್ನ ಬಳಿಯಿದ್ದ ಕೊನೆಯ ಕಂತುಗಳನ್ನು 2011ರ ಫೆಬ್ರವರಿಯಲ್ಲಿಯೇ ಕೊಟ್ಟು ಮುಗಿಸಿತು. ಅಂದಿನಿಂದ ಹೊಸ ಗ್ರಾಹಕರು ಸೇರಿದಂತೆಲ್ಲ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದು ಕಂಪನಿಗಳಿಗೆ ಅನಿವಾರ್ಯವಾಗಿದೆ. ವೀಡಿಯೊ ನೋಡುವವರಿಗೆ, ಸುದ್ದಿ ಓದುವವರಿಗೆ ಇದರಿಂದ ವ್ಯತ್ಯಾಸವೇ ತಿಳಿಯುವುದಿಲ್ಲ, ಏಕೆಂದರೆ ಅವರ ಸಂಪರ್ಕ ಯಾವಾಗಲೂ ಒಳಗಿನಿಂದ ಹೊರಕ್ಕೆ ಹೊರಡುತ್ತದೆ. ಹೊರಗಿನಿಂದ ಒಳಕ್ಕೆ ಬರಬೇಕಾದ ಕ್ಯಾಮೆರಾದಂಥ ಕೆಲಸಕ್ಕೇ ಪೆಟ್ಟು ಬೀಳುವುದು.

ರಾತ್ರಿಪಾಳಿ:
ತೆರೆದಕಿಟಕಿ ಅವರೇ, ಸಾರ್ವಜನಿಕ ವಿಳಾಸ ಸಿಗಲಿ ಬಿಡಲಿ, ಆ ಮೂರು ಪೋರ್ಟ್ ಫಾರ್ವರ್ಡ್‌ಗಳನ್ನು ದಯವಿಟ್ಟು ಇವತ್ತೇ ತೆಗೆದುಹಾಕಿ. ಈಗ ಅವು ಕೆಲಸ ಮಾಡದಿರುವುದೇ ನಿಮಗೆ ರಕ್ಷಣೆಯಾಗಿದೆ. ನಾಳೆ ಕಂಪನಿಯವರು ನಿಮಗೆ ಹೇಳದೆಯೇ ಸಾರ್ವಜನಿಕ ವಿಳಾಸ ಕೊಟ್ಟರೆ ಅದೇ ಕ್ಷಣದಿಂದ ನಿಮ್ಮ ಎನ್‌ವಿಆರ್‌ನ ಲಾಗಿನ್ ಪುಟ ಇಡೀ ಜಗತ್ತಿಗೆ ತೆರೆದುಕೊಳ್ಳುತ್ತದೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು ಹೆಚ್ಚಾಗಿ ಮನೆ ಮತ್ತು ಅಂಗಡಿಗಳ ಕ್ಯಾಮೆರಾ, ಡಿವಿಆರ್ (ಎನ್‌ವಿಆರ್‌ನಂಥದೇ ರೆಕಾರ್ಡರ್) ಹಾಗೂ ರೂಟರ್‌ಗಳ ಮೂಲಕ. ಅದು ಬಳಸಿದ ಉಪಾಯ ಬಹಳ ಸರಳ: ಕಾರ್ಖಾನೆಯಿಂದಲೇ ಬರುವ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್‌ಗಳ ಅರವತ್ತರ ಆಸುಪಾಸಿನ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುವುದು, ಅಷ್ಟೇ. ಆ ವರ್ಷದ ಅಕ್ಟೋಬರ್ 21ರಂದು ಹೀಗೆ ವಶವಾದ ಉಪಕರಣಗಳಿಂದ ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ (ಡಿಎನ್‌ಎಸ್) ಡೈನ್ ಎಂಬ ಕಂಪನಿಯ ಮೇಲೆ ದಾಳಿ ನಡೆದು, ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್‌ನಂಥ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ಸಿಗದೆ ಹೋದವು. ಆ ಕ್ಯಾಮೆರಾಗಳ ಮಾಲೀಕರಲ್ಲಿ ಬಹುಪಾಲು ಮಂದಿಗೆ ತಮ್ಮ ಉಪಕರಣ ಇದರಲ್ಲಿ ಪಾಲುಗೊಂಡಿದೆ ಎಂಬ ಸುಳಿವು ಕೂಡ ಇರಲಿಲ್ಲ, ಏಕೆಂದರೆ ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು.

ನೇರಮಾತು:
ರಾತ್ರಿಪಾಳಿ ಅವರು ಹೇಳುವಷ್ಟು ಗಾಬರಿಪಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ, 8000ರ ಬದಲು 47213 ಎಂಬಂತಹ ಯಾವುದೋ ಅಪರೂಪದ ಪೋರ್ಟ್ ಇಟ್ಟುಕೊಂಡರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ನಮ್ಮ ಮನೆಯಲ್ಲಿ ಬಹಳ ಕಾಲದಿಂದ ಹೀಗೇ ಇದೆ, ಯಾವ ತೊಂದರೆಯೂ ಆಗಿಲ್ಲ.

ರಾತ್ರಿಪಾಳಿ:
ಆಗಿಲ್ಲವೆಂದು ನಿಮಗೆ ಹೇಗೆ ಗೊತ್ತು? ಹೆಚ್ಚಿನ ಎನ್‌ವಿಆರ್‌ಗಳ ಲಾಗ್ ಸ್ವಲ್ಪ ದಿನಗಳಲ್ಲೇ ಅಳಿಸಿಹೋಗುತ್ತದೆ, ಇರುವ ಲಾಗ್ ಅನ್ನು ತೆರೆದು ನೋಡುವವರೂ ಕಡಿಮೆ.

ಅಪರೂಪದ ಪೋರ್ಟ್‌ನ ವಾದಕ್ಕೂ ಈಗ ಬಲವಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಜ಼ೀಮ್ಯಾಪ್ ಎಂಬ ತಂತ್ರಾಂಶವನ್ನು ಹೊರತಂದಾಗಲೇ, ಒಂದೇ ಕಂಪ್ಯೂಟರಿನಿಂದ ಇಡೀ ಐಪಿವಿ4 ಲೋಕದಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಎಂದು 45 ನಿಮಿಷಗಳೊಳಗೆ ನೋಡಿಬಿಡಬಹುದಾಗಿತ್ತು. ಶೋಡನ್‌ನಂಥ ಹುಡುಕುತಾಣಗಳ ಕೆಲಸವೇ ಹೀಗೆ ತೆರೆದಿರುವ ಉಪಕರಣಗಳನ್ನು ಪಟ್ಟಿ ಮಾಡುವುದು. ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿದ್ದರೂ ಫರ್ಮ್‌ವೇರ್‌ನಲ್ಲಿಯೇ (ಉಪಕರಣದೊಳಗಿನ ತಂತ್ರಾಂಶ) ದೋಷವಿದ್ದರೆ ಲಾಗಿನ್ ಹಂತವನ್ನೇ ದಾಟಿ ಒಳಗೆ ಬರಲು ಸಾಧ್ಯ. ಹೆಸರಾಂತ ತಯಾರಕರ ಕ್ಯಾಮೆರಾಗಳಲ್ಲಿಯೂ 2017 ಮತ್ತು 2021ರಲ್ಲಿ ಅಂತಹ ದೋಷಗಳು ಬಯಲಾಗಿದ್ದವು. ಜೊತೆಗೆ 554ರ ಮೂಲಕ ಹೋಗುವ ಆರ್‌ಟಿಎಸ್‌ಪಿ (ನೇರ ವೀಡಿಯೊ ಕಳುಹಿಸುವ ಪದ್ಧತಿ) ಚಿತ್ರ ಸಾಮಾನ್ಯವಾಗಿ ಗೂಢಲಿಪಿಯಿಲ್ಲದೆ ಬಯಲಾಗಿಯೇ ಹರಿಯುತ್ತದೆ.

ಬೆಳ್ಳಿಚುಕ್ಕಿ:
ಫಾರ್ವರ್ಡ್‌ಗಳನ್ನು ತೆಗೆದ ಮೇಲೆ ಯುಪಿಎನ್‌ಪಿಯನ್ನೂ ಮರೆಯದೆ ಆಫ್ ಮಾಡಿ. ರೂಟರ್ ಮತ್ತು ಎನ್‌ವಿಆರ್ ಎರಡರಲ್ಲಿಯೂ ಅದು ಆನ್ ಇದ್ದರೆ, ನೀವು ಅಳಿಸಿದ ಪೋರ್ಟ್ ಅನ್ನು ಎನ್‌ವಿಆರ್ ತಾನೇ ಕೇಳಿ ಮತ್ತೆ ತೆರೆಸಿಕೊಳ್ಳುತ್ತದೆ.

ಮೂಲೆಮನೆ:
ಇಷ್ಟೆಲ್ಲ ಕಷ್ಟ ಏಕೆ? ಕ್ಯಾಮೆರಾ ಕಂಪನಿಯ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಿತು. ಪೋರ್ಟ್ ಬೇಡ, ಸ್ಟ್ಯಾಟಿಕ್ ಐಪಿ ಬೇಡ, ಸಿಜಿನ್ಯಾಟ್ ಇದ್ದರೂ ಚಿತ್ರ ಬರುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಹೀಗೆಯೇ ನೋಡುತ್ತಾರೆ.

ಜಾಲದಕಣ್ಣು:
ಮೂಲೆಮನೆ ಅವರು ಹೇಳುವ ಪೀರ್-ಟು-ಪೀರ್ ವಿಧಾನ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಎನ್‌ವಿಆರ್ ತಾನಾಗಿಯೇ ಕಂಪನಿಯ ಸರ್ವರ್‌ಗೆ ಸಂಪರ್ಕ ಕಲ್ಪಿಸಿಕೊಂಡಿರುತ್ತದೆ. ನಿಮ್ಮ ಫೋನ್ ಕೂಡ ಅದೇ ಸರ್ವರ್ ಅನ್ನು ಕೇಳುತ್ತದೆ. ಆ ಸರ್ವರ್ ಎರಡಕ್ಕೂ ಪರಸ್ಪರರ ವಿಳಾಸ ತಿಳಿಸಿ ನೇರ ದಾರಿ ಮಾಡಿಕೊಡಲು ಪ್ರಯತ್ನಿಸುತ್ತದೆ. ನೇರ ದಾರಿ ಸಾಧ್ಯವಾಗದಿದ್ದರೆ ಚಿತ್ರವೆಲ್ಲ ಕಂಪನಿಯ ಸರ್ವರ್ ಮೂಲಕವೇ ಹಾದು ಬರುತ್ತದೆ, ಆಗ ನಿಧಾನವೂ ಆಗುತ್ತದೆ.

ನನ್ನ ತಕರಾರು ನಂಬಿಕೆಯದು. 2021ರ ಆಗಸ್ಟ್‌ನಲ್ಲಿ ಮ್ಯಾಂಡಿಯಂಟ್ ಸಂಸ್ಥೆ ಕಲಾಯ್ ಎಂಬ ಇಂಥದೇ ಜಾಲದಲ್ಲಿ ದೋಷವೊಂದನ್ನು ಬಹಿರಂಗಪಡಿಸಿತು; ಕ್ಯಾಮೆರಾದ ಗುರುತಿನ ಸಂಖ್ಯೆ ಸಿಕ್ಕವನು ಆ ಕ್ಯಾಮೆರಾದ ಹೆಸರಿನಲ್ಲಿ ತಾನೇ ನೋಂದಾಯಿಸಿಕೊಂಡು, ಮಾಲೀಕ ಹಾಕುವ ಪಾಸ್‌ವರ್ಡ್ ಅನ್ನು ಹಿಡಿಯಬಹುದಾಗಿತ್ತು. ಎಷ್ಟೋ ಬೇರೆಬೇರೆ ಹೆಸರಿನ ಕ್ಯಾಮೆರಾಗಳ ಒಳಗೆ ಇದೇ ಒಂದು ಜಾಲದ ತಂತ್ರಾಂಶ ಇತ್ತು. 2024ರ ಫೆಬ್ರವರಿಯಲ್ಲಿ ವೈಜ಼್ ಕಂಪನಿಯ ಸೇವೆ ಸ್ಥಗಿತಗೊಂಡು ಮತ್ತೆ ಆರಂಭವಾದಾಗ, ಸುಮಾರು 13,000 ಬಳಕೆದಾರರಿಗೆ ಬೇರೆಯವರ ಮನೆಯ ಕ್ಯಾಮೆರಾದ ಚಿತ್ರಗಳು ಕಾಣಿಸಿದವು. ಅಲ್ಲಿ ಯಾವ ಗ್ರಾಹಕನ ಪಾಸ್‌ವರ್ಡ್ ಕೂಡ ದುರ್ಬಲವಾಗಿರಲಿಲ್ಲ ಎಂದುಕೊಳ್ಳಿ, ಆದರೂ ಫಲ ಅದೇ ಆಗುತ್ತಿತ್ತು.

ಮೂಲೆಮನೆ:
ಒಪ್ಪುತ್ತೇನೆ. ಆದರೆ ಎಪ್ಪತ್ತು ದಾಟಿದ ನಮ್ಮ ತಾಯಿಗೆ ಬಾಗಿಲಲ್ಲಿ ಯಾರಿದ್ದಾರೆಂದು ನೋಡುವ ಮೊದಲು ವಿಪಿಎನ್ ಆನ್ ಮಾಡಿ ಎಂದು ಹೇಳುವುದು ಹೇಗೆ? ಬಳಸಲು ಕಷ್ಟವಾದ ವ್ಯವಸ್ಥೆಯನ್ನು ಮನೆಯವರು ಬಳಸುವುದನ್ನೇ ಬಿಡುತ್ತಾರೆ. ಆ್ಯಪ್ ಖಾತೆಗೆ ಎರಡು ಹಂತದ ದೃಢೀಕರಣ, ಬೇರೆಲ್ಲೂ ಬಳಸದ ಪಾಸ್‌ವರ್ಡ್, ಸಮಯಕ್ಕೆ ಸರಿಯಾಗಿ ಫರ್ಮ್‌ವೇರ್ ಅಪ್‌ಡೇಟ್, ಇಷ್ಟಿದ್ದರೆ ಬಾಗಿಲ ಹೊರಗೆ ನೋಡುವ ಕ್ಯಾಮೆರಾಕ್ಕೆ ಸಾಕು ಎಂದೇ ನಾನು ಹೇಳುವುದು. ಪೋರ್ಟ್ ತೆರೆದಿಡುವುದಕ್ಕಿಂತ ಇದು ಎಷ್ಟೋ ವಾಸಿ.

ರಾತ್ರಿಪಾಳಿ:
ಪೋರ್ಟ್ ತೆರೆದಿಡುವುದಕ್ಕಿಂತ ವಾಸಿ ಎಂಬುದನ್ನು ನಾನೂ ಒಪ್ಪುತ್ತೇನೆ. ಹೊರಗಿನ ಕ್ಯಾಮೆರಾಕ್ಕೆ ಇದು ಸರಿ. ಮನೆಯ ಒಳಗಿರುವ ಕ್ಯಾಮೆರಾಕ್ಕೆ ಮಾತ್ರ ಒಪ್ಪಲಾರೆ.

ತಂತಿಪ್ರಿಯ:
ಇಷ್ಟು ಹೊತ್ತು ಯಾರೂ ಅಪ್‌ಲೋಡ್ ಬಗ್ಗೆ ಮಾತಾಡಿಲ್ಲ. ಹೊರಗಿನಿಂದ ನೋಡುವಾಗ ಕೆಲಸಕ್ಕೆ ಬರುವುದು ಮನೆಯ ಅಪ್‌ಲೋಡ್ ವೇಗ, 100 ಎಂಬಿಪಿಎಸ್ ಡೌನ್‌ಲೋಡ್‌ಗೆ ಇಲ್ಲಿ ಪಾತ್ರವೇ ಇಲ್ಲ. 1080ಪಿ ಕ್ಯಾಮೆರಾದ ಮೇನ್ ಸ್ಟ್ರೀಮ್ (ಪೂರ್ಣ ಗುಣಮಟ್ಟದ ಹರಿವು) ಎಚ್.264 ಎಂಬ ವೀಡಿಯೊ ಸಂಕೋಚನ ಪದ್ಧತಿಯಲ್ಲಿ ಸಾಮಾನ್ಯವಾಗಿ 4 ಎಂಬಿಪಿಎಸ್ ಸುತ್ತಮುತ್ತ ಇರುತ್ತದೆ. ನಾಲ್ಕು ಕ್ಯಾಮೆರಾಗಳನ್ನು ಒಟ್ಟಿಗೆ ತೆರೆದರೆ 16 ಎಂಬಿಪಿಎಸ್ ಬೇಕು; ನಿಮ್ಮಲ್ಲಿರುವುದು 10. ಒಬ್ಬರ ಜೊತೆಗೆ ಇನ್ನೊಬ್ಬರು ಬೇರೆ ಫೋನಿನಲ್ಲಿ ನೋಡಿದರೆ ಎನ್‌ವಿಆರ್ ಅದೇ ಚಿತ್ರವನ್ನು ಎರಡು ಸಲ ಕಳುಹಿಸಬೇಕಾಗುತ್ತದೆ, ಬೇಡಿಕೆ ಎರಡರಷ್ಟಾಗುತ್ತದೆ. ಅಪ್‌ಲೋಡ್ ತುಂಬಿಹೋದರೆ ಕ್ಯಾಮೆರಾ ಮಾತ್ರವಲ್ಲ, ಮನೆಯಲ್ಲಿರುವವರ ವೀಡಿಯೊ ಕರೆಯೂ ತಡವರಿಸುತ್ತದೆ.

ಪರಿಹಾರ ಎನ್‌ವಿಆರ್‌ನಲ್ಲಿಯೇ ಇದೆ. ಪ್ರತಿ ಕ್ಯಾಮೆರಾಕ್ಕೂ ಸಬ್ ಸ್ಟ್ರೀಮ್ ಎಂದು ಇನ್ನೊಂದು ಸಣ್ಣ ಹರಿವು ಇರುತ್ತದೆ. ಅದನ್ನು 640×360, 512 ಕೆಬಿಪಿಎಸ್‌ಗೆ ಇಟ್ಟರೆ ನಾಲ್ಕೂ ಸೇರಿ ಸುಮಾರು 2 ಎಂಬಿಪಿಎಸ್‌ನಲ್ಲಿ ಮುಗಿಯುತ್ತದೆ. ಫೋನಿನ ಪರದೆಯಲ್ಲಿ ನಾಲ್ಕು ಚೌಕಗಳಿಗೆ ಅದಕ್ಕಿಂತ ಹೆಚ್ಚು ಬೇಕಾಗುವುದೂ ಇಲ್ಲ. ಮುಖ ಗುರುತಿಸಬೇಕಾದಾಗ ಮಾತ್ರ ಒಂದು ಕ್ಯಾಮೆರಾವನ್ನು ದೊಡ್ಡದು ಮಾಡಿ ಮೇನ್ ಸ್ಟ್ರೀಮ್‌ಗೆ ಬದಲಿಸಿಕೊಳ್ಳಿ. ರೆಕಾರ್ಡಿಂಗ್ ಎಂದಿನಂತೆ ಪೂರ್ಣ ಗುಣಮಟ್ಟದಲ್ಲೇ ಹಾರ್ಡ್‌ಡಿಸ್ಕ್‌ಗೆ ಹೋಗುತ್ತಿರುತ್ತದೆ.

ಸೋಮವಾರಪೇಪರ್:
ಹಾಗಿದ್ದರೆ ಹಾರ್ಡ್‌ಡಿಸ್ಕ್ ಬದಲು ಎಲ್ಲವನ್ನೂ ಕ್ಲೌಡ್‌ಗೇ ಕಳುಹಿಸಿಬಿಡಬಾರದೇ? ಕಳ್ಳ ಎನ್‌ವಿಆರ್ ಅನ್ನೇ ಹೊತ್ತೊಯ್ದರೆ ಹಾರ್ಡ್‌ಡಿಸ್ಕ್ ಕೂಡ ಹೋಗುತ್ತದೆ.

ತಂತಿಪ್ರಿಯ:
ಲೆಕ್ಕ ಹಾಕಿ ನೋಡಿ. 4 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಅರ್ಧ ಮೆಗಾಬೈಟ್, ದಿನಕ್ಕೆ 43 ಗಿಗಾಬೈಟ್, ತಿಂಗಳಿಗೆ ಸುಮಾರು 1.3 ಟೆರಾಬೈಟ್, ಅದೂ ಒಂದೇ ಕ್ಯಾಮೆರಾಕ್ಕೆ. ಡೇಟಾ ಮಿತಿ ಇರುವ ಸಂಪರ್ಕದಲ್ಲಿ ಇದು ಸಾಧ್ಯವೇ ಇಲ್ಲ. ಚಲನೆ ಕಂಡಾಗಿನ ತುಣುಕುಗಳನ್ನು ಮಾತ್ರ ಹೊರಗೆ ಕಳುಹಿಸುವುದು ಸರಿಯಾದ ನಡುದಾರಿ. ಕಳ್ಳತನದ ಮಾತು ನಿಜ. ಅದಕ್ಕೇ ಎನ್‌ವಿಆರ್ ಅನ್ನು ಟಿವಿಯ ಕೆಳಗಿಡದೆ ಬೀಗ ಹಾಕುವ ಕಪಾಟಿನಲ್ಲಿಡಿ, ಗಾಳಿಯಾಡಲು ಜಾಗ ಬಿಡಿ.

ಹಿತ್ತಲಗಿಡ:
ಕರೆಂಟ್ ಹೋದಾಗಲೂ ನೋಡಬೇಕಾದರೆ ಎನ್‌ವಿಆರ್ ಒಂದಕ್ಕೆ ಯುಪಿಎಸ್ ಕೊಟ್ಟರೆ ಸಾಲದು. ಫೈಬರ್ ಪೆಟ್ಟಿಗೆ, ರೂಟರ್, ಕ್ಯಾಮೆರಾಗಳಿಗೆ ವಿದ್ಯುತ್ ಕೊಡುವ ಪಿಒಇ ಸ್ವಿಚ್, ಇವಿಷ್ಟೂ ಅದರ ಮೇಲಿರಬೇಕು. ಹೊರಗಿನ ಲೈನ್ ಕಡಿದುಹೋದರೂ ರೆಕಾರ್ಡಿಂಗ್ ನಡೆಯುತ್ತಿರುವುದು ಮುಖ್ಯ.

ತೆರೆದಕಿಟಕಿ:
ಎಲ್ಲರಿಗೂ ಧನ್ಯವಾದಗಳು. ರೂಟರ್‌ನಲ್ಲಿ ನೋಡಿದೆ, ವ್ಯಾನ್ ಐಪಿ 100.81 ಎಂದು ಶುರುವಾಗುತ್ತದೆ, ಜಾಲತಾಣ ತೋರಿಸುವ ವಿಳಾಸ ಬೇರೆಯೇ ಇದೆ. ಅಂದರೆ ಸಿಜಿನ್ಯಾಟ್ ಎಂಬುದು ಖಚಿತವಾಯಿತು. ಮೂರೂ ಫಾರ್ವರ್ಡ್‌ಗಳನ್ನು ತೆಗೆದಿದ್ದೇನೆ, ಯುಪಿಎನ್‌ಪಿ ಎರಡೂ ಕಡೆ ಆನ್ ಇತ್ತು, ಅದನ್ನೂ ಆಫ್ ಮಾಡಿದ್ದೇನೆ. ನಾಲ್ಕರಲ್ಲಿ ಒಂದು ಕ್ಯಾಮೆರಾ ನಡುಮನೆಯಲ್ಲಿದೆ, ಹಾಗಾಗಿ ವಿಪಿಎನ್ ದಾರಿಯೇ ಬೇಕೆನಿಸುತ್ತಿದೆ. ಆದರೆ ಸಿಜಿನ್ಯಾಟ್ ಹಿಂದೆ ವಿಪಿಎನ್ ಹೇಗೆ ನಡೆಯುತ್ತದೆ? ಅದೂ ಹೊರಗಿನಿಂದಲೇ ಬರಬೇಕಲ್ಲವೇ?

ಜಾಲದಕಣ್ಣು:
ಒಳ್ಳೆಯ ಪ್ರಶ್ನೆ. ಮನೆಯಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಸರ್ವರ್ ಇಟ್ಟು ಅದರ ಪೋರ್ಟ್ ತೆರೆಯುವ ವಿಧಾನ ನಿಮಗೆ ಐಪಿವಿ4ರಲ್ಲಿ ನಡೆಯುವುದಿಲ್ಲ. ಕಂಪನಿ ಐಪಿವಿ6 ಎಂಬ ಹೊಸ ಪದ್ಧತಿಯ ವಿಳಾಸ ಕೊಡುತ್ತಿದ್ದರೆ ಅದರ ಮೂಲಕ ನಡೆಯುತ್ತದೆ, ಆದರೆ ನಿಮ್ಮ ಮೊಬೈಲ್ ಜಾಲದಲ್ಲಿಯೂ ಐಪಿವಿ6 ಇರಬೇಕು. ಉಳಿದ ದಾರಿಗಳು ಎರಡು. ಸಣ್ಣ ಕ್ಲೌಡ್ ಸರ್ವರ್ ಒಂದನ್ನು ಬಾಡಿಗೆಗೆ ಪಡೆದು ಮನೆಯಿಂದಲೂ ಫೋನಿನಿಂದಲೂ ಅದಕ್ಕೇ ವೈರ್‌ಗಾರ್ಡ್ ಸಂಪರ್ಕ ಕೊಡಬಹುದು. ಮನೆಯ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಆಗಾಗ ಸಣ್ಣ ಸಂದೇಶ ಕಳುಹಿಸುವ ವ್ಯವಸ್ಥೆ) ಅನ್ನು 25 ಸೆಕೆಂಡ್‌ಗೆ ಇಟ್ಟರೆ ನ್ಯಾಟ್‌ನಲ್ಲಿ ದಾರಿ ಮುಚ್ಚಿಹೋಗುವುದಿಲ್ಲ. ಅಷ್ಟು ನಿರ್ವಹಣೆ ಬೇಡವೆಂದರೆ ಟೈಲ್‌ಸ್ಕೇಲ್‌ನಂಥ ಸೇವೆ ಸುಲಭ. ರಾಸ್ಪ್‌ಬೆರಿ ಪೈನಂಥ ಸಣ್ಣ ಕಂಪ್ಯೂಟರ್ ಒಂದನ್ನು ಮನೆಯಲ್ಲಿ ಸದಾ ಆನ್ ಇಟ್ಟು, ಅದನ್ನು ಮನೆಯ ಜಾಲದ ಉಳಿದ ಉಪಕರಣಗಳಿಗೂ ದಾರಿ ಮಾಡಿಕೊಡುವ ಸಬ್‌ನೆಟ್ ರೂಟರ್ ಆಗಿ ಮಾಡಿದರೆ, ಎನ್‌ವಿಆರ್‌ನಲ್ಲಿ ಏನನ್ನೂ ಬದಲಿಸದೆ ಹೊರಗಿನಿಂದ ಅದರ ಮನೆಯೊಳಗಿನ ವಿಳಾಸವನ್ನೇ ಬಳಸಿ ನೋಡಬಹುದು. ಇಲ್ಲಿಯೂ ಎರಡೂ ತುದಿಗಳು ಒಳಗಿನಿಂದ ಹೊರಕ್ಕೇ ಸಂಪರ್ಕ ಮಾಡುವುದರಿಂದ ಸಿಜಿನ್ಯಾಟ್ ಅಡ್ಡಬರುವುದಿಲ್ಲ, ಚಿತ್ರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಗೂಢಲಿಪಿಯಲ್ಲಿಯೇ ಇರುತ್ತದೆ.

ನೇರಮಾತು:
ಅಲ್ಲಿಯೂ ಇನ್ನೊಂದು ಕಂಪನಿಯನ್ನೇ ನಂಬಿದಂತಾಯಿತಲ್ಲ?

ಜಾಲದಕಣ್ಣು:
ಸಂಪರ್ಕ ಹೊಂದಿಸಿಕೊಡುವ ಮಟ್ಟಿಗೆ ಹೌದು. ಆದರೆ ಗೂಢಲಿಪಿಯ ಖಾಸಗಿ ಕೀಲಿ ನಿಮ್ಮ ಉಪಕರಣದಲ್ಲೇ ಹುಟ್ಟಿ ಅಲ್ಲಿಯೇ ಉಳಿಯುತ್ತದೆ, ಆದ್ದರಿಂದ ಚಿತ್ರ ಅವರ ಸರ್ವರ್ ಮೂಲಕ ಹಾದುಹೋದರೂ ಅವರಿಗೆ ಅದನ್ನು ಬಿಡಿಸಿ ನೋಡಲಾಗದು. ಅಷ್ಟನ್ನೂ ನಂಬಲು ಮನಸ್ಸಿಲ್ಲದವರಿಗೆ ಮೊದಲು ಹೇಳಿದ ಬಾಡಿಗೆ ಸರ್ವರ್ ದಾರಿ ಇದೆ.

ಬೆಳ್ಳಿಚುಕ್ಕಿ:
ನಡುಮನೆಯ ಕ್ಯಾಮೆರಾ ಎಂದಿರಿ, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಪ್ಪ ಅಮ್ಮನಿಗೆ ಆ ಕ್ಯಾಮೆರಾ ಇದೆ ಎಂದು ಗೊತ್ತಿರುವುದು ಬೇರೆ, ಯಾರು ಯಾರು ಯಾವಾಗ ಬೇಕಾದರೂ ನೋಡಬಹುದು ಎಂದು ಗೊತ್ತಿರುವುದು ಬೇರೆ. ಅವರನ್ನು ಕೂರಿಸಿಕೊಂಡು ನಿಮ್ಮ ಫೋನಿನಲ್ಲಿ ಏನು ಕಾಣುತ್ತದೆ, ಮಾತು ಕೇಳಿಸುತ್ತದೆಯೇ ಎಂಬುದನ್ನು ತೋರಿಸಿ. ಮೈಕ್ ಬೇಡವೆಂದರೆ ಎನ್‌ವಿಆರ್‌ನಲ್ಲಿ ಆ ಚಾನೆಲ್‌ನ ಆಡಿಯೊ ಆಫ್ ಮಾಡಿ. ಕುಟುಂಬದವರಿಗೆ ಅಡ್ಮಿನ್ ಪಾಸ್‌ವರ್ಡ್ ಹಂಚದೆ, ನೋಡಲು ಮಾತ್ರ ಅನುಮತಿಯಿರುವ ಬೇರೆ ಬಳಕೆದಾರ ಹೆಸರನ್ನು ಒಬ್ಬೊಬ್ಬರಿಗೂ ಮಾಡಿಕೊಡಿ. ಹೊರಗಿನ ಮೂರು ಕ್ಯಾಮೆರಾ ಎಲ್ಲರಿಗೂ, ಒಳಗಿನದು ನಿಮಗೆ ಮಾತ್ರ ಎಂದು ಹೆಚ್ಚಿನ ಎನ್‌ವಿಆರ್‌ಗಳಲ್ಲಿ ಬೇರ್ಪಡಿಸಬಹುದು. ಕ್ಯಾಮೆರಾ ಹಾಕಿದವರಿಗೆ ಗೊತ್ತಿರುವ ಪಾಸ್‌ವರ್ಡ್ ಅನ್ನೂ ಬದಲಿಸಿ.

ತೆರೆದಕಿಟಕಿ:
ಬೆಳ್ಳಿಚುಕ್ಕಿ ಅವರೇ, ಅಮ್ಮನ ಜೊತೆ ಮಾತಾಡಿದೆ. ನಡುಮನೆಯ ಕ್ಯಾಮೆರಾವನ್ನು ಅಡುಗೆಮನೆ ಬಾಗಿಲು ಕಾಣದಂತೆ ತಿರುಗಿಸಬೇಕು, ಮಾತು ಕೇಳಿಸಬಾರದು ಎಂದರು. ಎರಡನ್ನೂ ಮಾಡಿದ್ದೇನೆ.

ಟೈಲ್‌ಸ್ಕೇಲ್ ಕೂಡ ಹಾಕಿದೆ. ಮೊಬೈಲ್ ಡೇಟಾದಲ್ಲಿ ಚೆನ್ನಾಗಿ ಬರುತ್ತಿದೆ, ಆದರೆ ಕಚೇರಿಯ ವೈಫೈಯಲ್ಲಿ ಮಾತ್ರ ಬರುವುದಿಲ್ಲ. ಇನ್ನೊಂದು ಸಮಸ್ಯೆ, ಪ್ರತಿ ಸಲ ತೆರೆದಾಗಲೂ ನಾಲ್ಕು ಸೆಕೆಂಡ್ ಕಪ್ಪು ಚೌಕವೇ ಕಾಣುತ್ತದೆ.

ಹಿತ್ತಲಗಿಡ:
ನಿಮ್ಮ ಮನೆಯ ಜಾಲ 192.168.1 ಎಂದಿದೆಯೇ? ಕಚೇರಿಯದೂ ಅದೇ ಆಗಿರಬಹುದು. ಎರಡೂ ಕಡೆ ಒಂದೇ ಸಂಖ್ಯೆಯಿದ್ದರೆ ಫೋನ್ ಎನ್‌ವಿಆರ್ ಅನ್ನು ಕಚೇರಿಯೊಳಗೇ ಹುಡುಕುತ್ತದೆ. ಮನೆಯ ರೂಟರ್‌ನಲ್ಲಿ ಅದನ್ನು 192.168.47ರಂಥ ಬೇರೆ ಸಂಖ್ಯೆಗೆ ಬದಲಿಸಿ, ಸಬ್‌ನೆಟ್ ರೂಟರ್‌ನಲ್ಲಿಯೂ ಹೊಸ ಸಂಖ್ಯೆ ಕೊಡಿ.

ತಂತಿಪ್ರಿಯ:
ಕಪ್ಪು ಚೌಕಕ್ಕೆ ಕಾರಣ ಐ-ಫ್ರೇಮ್ ಅಂತರ. ಪೂರ್ಣ ಚಿತ್ರ ಇರುವುದು ಐ-ಫ್ರೇಮ್‌ನಲ್ಲಿ ಮಾತ್ರ, ನಡುವಿನ ಫ್ರೇಮ್‌ಗಳಲ್ಲಿ ಆದ ಬದಲಾವಣೆಯಷ್ಟೇ ಇರುತ್ತದೆ. ಆದ್ದರಿಂದ ಮುಂದಿನ ಐ-ಫ್ರೇಮ್ ಬರುವವರೆಗೆ ಫೋನಿಗೆ ತೋರಿಸಲು ಏನೂ ಇರುವುದಿಲ್ಲ. ಸಬ್ ಸ್ಟ್ರೀಮ್ 15 ಫ್ರೇಮ್‌ನಲ್ಲಿದ್ದು ಅಂತರ 60 ಎಂದಿದ್ದರೆ ನಾಲ್ಕು ಸೆಕೆಂಡ್‌ವರೆಗೆ ಕಾಯಬೇಕಾಗುತ್ತದೆ. ಅದನ್ನು 15ಕ್ಕೆ ಇಳಿಸಿದರೆ ಒಂದು ಸೆಕೆಂಡ್ ಆಗುತ್ತದೆ. ಎಚ್.265 ಪ್ಲಸ್ ಎಂಬಂತಹ ಸ್ಮಾರ್ಟ್ ಕೋಡೆಕ್ ಆನ್ ಇದ್ದರೆ ಅದು ಈ ಅಂತರವನ್ನು ತಾನೇ ಹಿಗ್ಗಿಸುತ್ತದೆ, ಸಬ್ ಸ್ಟ್ರೀಮ್‌ಗೆ ಅದನ್ನು ಆಫ್ ಮಾಡಿ.

ತೆರೆದಕಿಟಕಿ:
ಎರಡೂ ಸರಿಹೋದವು. ಈಗ ಕಚೇರಿಯಿಂದಲೂ ತಕ್ಷಣ ತೆರೆದುಕೊಳ್ಳುತ್ತದೆ.

ಜಾಲದಕಣ್ಣು:
ಸಂತೋಷ. ಇನ್ನೆರಡು ಕೆಲಸ ಉಳಿದಿವೆ. ರೂಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಎನ್‌ವಿಆರ್‌ಗೆ ಒಂದು ವಿಳಾಸವನ್ನು ಕಾಯ್ದಿರಿಸಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಅದಕ್ಕೆ ಬೇರೆ ಸಂಖ್ಯೆ ಸಿಕ್ಕಿ ಆ್ಯಪ್‌ಗೆ ಕಾಣದೆ ಹೋಗಬಹುದು. ಹಾಗೆಯೇ ಟೈಲ್‌ಸ್ಕೇಲ್‌ನಲ್ಲಿ ಪ್ರತಿ ಉಪಕರಣದ ಕೀಲಿಯ ಅವಧಿ ಡೀಫಾಲ್ಟ್ ಆಗಿ 180 ದಿನಗಳಿಗೆ ಮುಗಿಯುತ್ತದೆ. ಮನೆಯಲ್ಲಿರುವ ಆ ಸಣ್ಣ ಕಂಪ್ಯೂಟರ್ ಒಂದಕ್ಕೆ ಮಾತ್ರ ಅಡ್ಮಿನ್ ಪುಟದಲ್ಲಿ ಕೀ ಎಕ್ಸ್‌ಪೈರಿಯನ್ನು ಆಫ್ ಮಾಡಿ. ನಿಮ್ಮ ಫೋನಿಗೆ ಅದು ಇರಲಿ, ಫೋನ್ ಕಳೆದುಹೋದರೆ ಅದೇ ಪುಟದಿಂದ ಅದನ್ನು ತೆಗೆದುಹಾಕಬಹುದು.